ಕನ್ನಡ, ತೆಲುಗು ಎರಡೂ ಒಂದೇ ಭಾಷೆಯೇ? ‘ಹಾಲು–ಪಾಲು’ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು?

“ಕನ್ನಡಕ್ಕೂ ತೆಲುಗಿಗೂ ಒಂದೇ ಅಕ್ಷರದ ವ್ಯತ್ಯಾಸ. ‘ಹ’ ತೆಗೆದು ‘ಪ’ ಹಾಕಿ, ಅಷ್ಟೇ! ಹಾಲು–ಪಾಲು, ಹಾವು–ಪಾಮು, ಹೂವು–ಪುವ್ವು, ಹುಲಿ–ಪುಲಿ. ಲಿಪಿಯೂ ಒಂದೇ. ಒಂದು ತಾಯಿ, ಇನ್ನೊಂದು ಮಗಳು.” ಈ ಧಾಟಿಯ ಸಂದೇಶ ನಿಮ್ಮ ವಾಟ್ಸಾಪ್ ಗ್ರೂಪಿಗೂ ಬಂದಿರಬಹುದು. ತಾಯಿ ಯಾರು, ಮಗಳು ಯಾರು ಎಂಬುದು ಮಾತ್ರ ಕಳಿಸಿದವರ ಮನೆಮಾತಿಗೆ ತಕ್ಕಂತೆ ಬದಲಾಗುತ್ತದೆ.

ಮೊದಲೇ ಹೇಳಿಬಿಡುತ್ತೇವೆ: ಪಟ್ಟಿಯಲ್ಲಿರುವ ಪದಗಳು ಸರಿ. ಪಟ್ಟಿಯ ಕೆಳಗೆ ಬರೆದಿರುವ ತೀರ್ಮಾನ ತಪ್ಪು. ಹಾಗಾದರೆ ಪದಗಳು ಇಷ್ಟೊಂದು ಹೋಲುವುದೇಕೆ? ಅದನ್ನೇ ಈ ಲೇಖನದಲ್ಲಿ ನೋಡೋಣ.

ವೈಟ್‌ಫೀಲ್ಡ್‌ನಲ್ಲಿ ಇದು ಬರೀ ಹರಟೆಯ ವಿಷಯವಲ್ಲ. ಇಲ್ಲಿಂದ ಹೊಸಕೋಟೆ ದಾಟಿ ಕೋಲಾರ, ಮುಳಬಾಗಿಲು ಹಿಡಿದರೆ ಕೆಲವೇ ಗಂಟೆಗಳಲ್ಲಿ ಆಂಧ್ರದ ಗಡಿ. ಐಟಿ ಕಂಪನಿಗಳು ಬರುವುದಕ್ಕೆ ಬಹಳ ಮೊದಲಿನಿಂದಲೂ ಈ ಭಾಗದ ಹಳ್ಳಿಗಳಲ್ಲಿ ಮನೆಯೊಳಗೆ ತೆಲುಗು, ಸಂತೆಯಲ್ಲಿ ಕನ್ನಡ ಆಡುವ ಕುಟುಂಬಗಳಿವೆ. ಈಗ ಅಪಾರ್ಟ್‌ಮೆಂಟಿನ ಗೇಟು, ಕ್ಯಾಬು, ಮೆಡಿಕಲ್ ಶಾಪು, ಕಟ್ಟಡದ ಕೆಲಸ ಎಲ್ಲೆಡೆ ಎರಡೂ ಭಾಷೆ ಒಟ್ಟಿಗೇ ಓಡಾಡುತ್ತವೆ. ಅರ್ಧ ಅರ್ಥವಾಗುವ ಭಾಷೆ ಪೂರ್ತಿ ಅರ್ಥವಾಗದ ಭಾಷೆಗಿಂತ ಹೆಚ್ಚು ತೊಂದರೆ ಕೊಡುತ್ತದೆ ಎಂಬುದು ನಮ್ಮ ತಂಡದ ಅನುಭವ. ನಮ್ಮಲ್ಲೊಬ್ಬರು ಕ್ಯಾಬ್ ಡ್ರೈವರಿಗೆ ಫೋನಿನಲ್ಲಿ “ಅಣ್ಣ, ಅವಸರ ಇಲ್ಲ, ನಿಧಾನಕ್ಕೆ ಬನ್ನಿ” ಎಂದರು. ಎರಡು ನಿಮಿಷದಲ್ಲಿ ಟ್ರಿಪ್ ಕ್ಯಾನ್ಸಲ್! ಆ ಡ್ರೈವರ್ ಊರಿಂದ ಬಂದು ವಾರವಾಗಿತ್ತಷ್ಟೇ. ತೆಲುಗಿನಲ್ಲಿ ‘ಅವಸರಂ’ ಎಂದರೆ ಅಗತ್ಯ. ಅವರ ಕಿವಿಗೆ ಬಿದ್ದದ್ದು “ಗಾಡಿ ಬೇಕಾಗಿಲ್ಲ” ಎಂದು.

ಈ ‘ಅವಸರ’ಕ್ಕೆ ಆಮೇಲೆ ಬರುತ್ತೇವೆ. ಮೊದಲು ಫಾರ್ವರ್ಡ್‌ನ ‘ಹ’ ಮತ್ತು ‘ಪ’.

‘ಪ’ ಹೋಗಿ ‘ಹ’ ಬಂದದ್ದು ಯಾವಾಗ?

ಹಳಗನ್ನಡದಲ್ಲಿ ಹಾಲು ‘ಪಾಲ್’ ಆಗಿತ್ತು, ಹೂವು ‘ಪೂ’ ಆಗಿತ್ತು, ಹೆಸರು ‘ಪೆಸರ್’ ಆಗಿತ್ತು. 10ನೇ ಶತಮಾನದಲ್ಲಿ ಬರೆದ ಪಂಪನ ಕಾವ್ಯಗಳನ್ನು ಶಾಲೆಯಲ್ಲಿ ಓದಿದವರಿಗೆ ಈ ‘ಪ’ಕಾರದ ಪದಗಳು ಹೊಸದಲ್ಲ. ಆ ನಂತರದ ನಾಲ್ಕೈದು ಶತಮಾನಗಳಲ್ಲಿ ಪದದ ಮೊದಲಿನ ‘ಪ’ ಮೆಲ್ಲಗೆ ‘ಹ’ ಆಯಿತು. ತೆಲುಗು, ತಮಿಳು ಹಳೆಯ ‘ಪ’ವನ್ನೇ ಉಳಿಸಿಕೊಂಡವು. ಅಂದರೆ ‘ಹ’ ತೆಗೆದು ‘ಪ’ ಹಾಕಿದರೆ ಸಿಗುವುದು ತೆಲುಗಲ್ಲ, ನಮ್ಮದೇ ಹಳೆಯ ಕನ್ನಡ. ಅದು ಪಕ್ಕದ ಭಾಷೆಯ ಪದಕ್ಕೆ ಹತ್ತಿರವಿರುತ್ತದೆ, ಅಷ್ಟೇ.

ಹೊಟ್ಟೆ–ಪೊಟ್ಟ, ಹೊಗೆ–ಪೊಗ, ಹೊಲ–ಪೊಲಂ, ಹಗಲು–ಪಗಲು, ಹೋಗು–ಪೋ. ಊರಿನ ಹೆಸರುಗಳಲ್ಲೂ ಇದನ್ನು ಕಾಣಬಹುದು. ಮೆಟ್ರೋ ನೇರಳೆ ಮಾರ್ಗದ ಕುಂದಲಹಳ್ಳಿ, ನಲ್ಲೂರಹಳ್ಳಿಗಳ ‘ಹಳ್ಳಿ’ಯೇ ಆಂಧ್ರದ ಮದನಪಲ್ಲೆಯ ‘ಪಲ್ಲೆ’. ನಡುವೆ, ಕರ್ನಾಟಕದೊಳಗೇ ಇದ್ದರೂ ತೆಲುಗು ಹೆಚ್ಚು ಕೇಳಿಸುವ ಚಿಕ್ಕಬಳ್ಳಾಪುರ ಜಿಲ್ಲೆಯ ಬಾಗೇಪಲ್ಲಿ ಇದೆ. ಇನ್ನು ತಿಂಡಿಗೆ ಬಂದರೆ, ಹೋಟೆಲಿನ ಬೋರ್ಡಿನಲ್ಲಿ ಕಾಣುವ ‘ಪೆಸರಟ್ಟು’ ಅಂದರೆ ಏನೆಂದು ಕನ್ನಡಿಗರು ಯಾರನ್ನೂ ಕೇಳಬೇಕಿಲ್ಲ: ‘ಪೆಸರ’ ಎಂದರೆ ಹೆಸರುಕಾಳು, ‘ಅಟ್ಟು’ ಎಂದರೆ ದೋಸೆ. ನಮ್ಮ ‘ಪುಳಿಯೋಗರೆ’ಯಲ್ಲಿಯೂ ‘ಹುಳಿ’ಯ ಹಳೆಯ ರೂಪ ‘ಪುಳಿ’ ಹಾಗೇ ಉಳಿದಿದೆ.

ಆದರೆ ಸೂತ್ರ ಎಲ್ಲ ಪದಕ್ಕೂ ನಡೆಯುವುದಿಲ್ಲ. ‘ಹಸ್ತ’ ಸಂಸ್ಕೃತದ್ದು, ‘ಹವಾ’ ಉರ್ದುವಿನಿಂದ ಬಂದದ್ದು. ಅಲ್ಲಿ ‘ಪ’ ಇರಲೇ ಇಲ್ಲ. ‘ಪೂಜೆ’, ‘ಪುಸ್ತಕ’ ಮುಂತಾದ ಸಂಸ್ಕೃತ ಪದಗಳು ಮೂಲರೂಪವನ್ನೇ ಹಿಡಿದು ನಿಂತವು, ಹಾಗಾಗಿ ‘ಹೂಜೆ’ ಆಗಲಿಲ್ಲ. ತಮಾಷೆಯೆಂದರೆ ಒಂದೇ ಪದ ಎರಡು ಸಲ ಬಂದದ್ದೂ ಇದೆ. ಸಂಸ್ಕೃತದ ‘ಪಕ್ಷಿ’ ಪ್ರಾಕೃತದ ದಾರಿಯಲ್ಲಿ ಹಿಂದೆಯೇ ಬಂದು ‘ಹಕ್ಕಿ’ ಆಯಿತು. ಸಂಸ್ಕೃತದಿಂದ ನೇರವಾಗಿ ಬಂದದ್ದು ‘ಪಕ್ಷಿ’ಯಾಗಿಯೇ ಇದೆ. ‘ಹಬ್ಬ’ ಮತ್ತು ‘ಪರ್ವ’ದ ಕತೆಯೂ ಇದೇ.

ಸ್ಪೇನ್‌ನಲ್ಲೂ ಇದೇ ನಡೆದಿದೆ

ಇದು ನಮ್ಮಲ್ಲಿ ಮಾತ್ರ ಆದ ವಿಚಿತ್ರವಲ್ಲ. ಸ್ಪ್ಯಾನಿಷ್ ಮತ್ತು ಇಟಾಲಿಯನ್ ಎರಡೂ ಲ್ಯಾಟಿನ್‌ನಿಂದ ಬಂದವು. ಲ್ಯಾಟಿನ್‌ನ ‘ಫ’ವನ್ನು ಇಟಾಲಿಯನ್ ಉಳಿಸಿಕೊಂಡಿತು, ಸ್ಪ್ಯಾನಿಷ್‌ನಲ್ಲಿ ಅದು ಎಷ್ಟೋ ಪದಗಳಲ್ಲಿ ‘ಹ’ ಆಗಿ ಆಮೇಲೆ ಅದೂ ಉದುರಿಹೋಯಿತು. ಮಗನಿಗೆ ಇಟಾಲಿಯನ್ನರು ‘ಫಿಲ್ಯೋ’ ಎಂದರೆ ಸ್ಪೇನಿನವರು ‘ಇಹೋ’ ಎನ್ನುತ್ತಾರೆ. ಹಿಟ್ಟು ಅಲ್ಲಿ ‘ಫಾರೀನಾ’, ಇಲ್ಲಿ ‘ಅರೀನಾ’. ಸ್ಪ್ಯಾನಿಷ್ ಬರವಣಿಗೆಯಲ್ಲಿ ಈ ಪದಗಳ ಮೊದಲಿಗೆ ಹಕಾರದ ಅಕ್ಷರ ಇಂದಿಗೂ ಇದೆ, ಉಚ್ಚಾರದಲ್ಲಿ ಇಲ್ಲ. ಹಳೇ ಮೈಸೂರು ಕಡೆಯ ಹಳ್ಳಿಗಳಲ್ಲಿ “ಆಲು ಕುಡ್ದು ಓಗು” ಎನ್ನುವವರನ್ನು ನಗುವವರು ಇದನ್ನು ಒಮ್ಮೆ ನೆನಪಿಸಿಕೊಳ್ಳಬಹುದು. ಸ್ಪೇನ್‌ನಲ್ಲಿ ಅದೇ ಶಿಷ್ಟ ಭಾಷೆ.

ಆ ಎರಡು ಭಾಷೆಗಳ ನಡುವೆಯೂ ಮೋಸದ ಪದಗಳಿವೆ. ‘ಬುರ್ರೊ’ ಎಂದರೆ ಇಟಾಲಿಯನ್‌ನಲ್ಲಿ ಬೆಣ್ಣೆ, ಸ್ಪ್ಯಾನಿಷ್‌ನಲ್ಲಿ ಕತ್ತೆ. ಬ್ರೆಡ್ಡಿಗೆ ಏನು ಹಚ್ಚಬೇಕೆಂದು ಹೋಟೆಲಿನಲ್ಲಿ ಕೇಳುವಾಗ ಎಚ್ಚರ ಬೇಕು.

ಕಿವಿ ಹೇಳುವ ಸಾಕ್ಷಿ

‘ಪ–ಹ’ ಪಟ್ಟಿ ನೋಡಿದರೆ ಕನ್ನಡವೇ ಬದಲಾದ ಭಾಷೆ, ಉಳಿದವು ಹಳೆಯವು ಎನಿಸುತ್ತದೆ. ಫಾರ್ವರ್ಡ್ ಮಾಡುವವರು ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಇನ್ನೊಂದು ಪಟ್ಟಿ ಇದೆ. ಅದು ಅಷ್ಟಾಗಿ ಓಡಾಡುವುದಿಲ್ಲ.

ಕನ್ನಡದ ‘ಕಿವಿ’ ತೆಲುಗಿನಲ್ಲಿ ‘ಚೆವಿ’. ‘ಕೈ’ ತೆಲುಗಿನಲ್ಲಿ ‘ಚೆಯ್ಯಿ’. ‘ಕೆಡು’ ತೆಲುಗಿನಲ್ಲಿ ‘ಚೆಡು’. ‘ಗಿಳಿ’ ಅಲ್ಲಿ ‘ಚಿಲುಕ’. ವರ್ತೂರು ಕೆರೆ, ಬೆಳ್ಳಂದೂರು ಕೆರೆ ಎನ್ನುವಾಗಿನ ‘ಕೆರೆ’ ತೆಲುಗಿನಲ್ಲಿ ‘ಚೆರುವು’. ಇಲ್ಲಿ ಹಳೆಯದನ್ನು ಉಳಿಸಿಕೊಂಡದ್ದು ಕನ್ನಡ. ‘ಇ’, ‘ಎ’ ಸ್ವರಗಳ ಮುಂದೆ ‘ಕ’ ಇದ್ದರೆ ನಾಲಿಗೆ ಮುಂದಕ್ಕೆ ಜಾರಿ ‘ಚ’ ಆಗುವುದು ಜಗತ್ತಿನ ಅನೇಕ ಭಾಷೆಗಳಲ್ಲಿ ಕಾಣುವ ಬದಲಾವಣೆ. ಲ್ಯಾಟಿನ್‌ನ ‘ಕ’ ಇಟಾಲಿಯನ್‌ನಲ್ಲಿ ‘ಚ’ ಆದದ್ದೂ ಹೀಗೆಯೇ. ‘ಚ’ದಿಂದ ‘ಕ’ದ ಕಡೆಗೆ ಹಿಂದಕ್ಕೆ ಹೋಗುವುದು ಬಲು ಅಪರೂಪ.

ತಮಿಳಿನಲ್ಲೂ ಕಿವಿ ‘ಚೆವಿ’ಯೇ (ಮಾತಿನಲ್ಲಿ ‘ಸೆವಿ’). 2025ರ ಮೇ ತಿಂಗಳಲ್ಲಿ ಚೆನ್ನೈನ ಸಿನಿಮಾ ಕಾರ್ಯಕ್ರಮವೊಂದರಲ್ಲಿ ನಟ ಕಮಲ್ ಹಾಸನ್ ಅವರು ಕನ್ನಡ ಹುಟ್ಟಿದ್ದು ತಮಿಳಿನಿಂದ ಎಂಬರ್ಥದ ಮಾತಾಡಿ ದೊಡ್ಡ ವಿವಾದವಾದದ್ದು ನಿಮಗೆ ನೆನಪಿರಬಹುದು. ಆಗ ಎರಡೂ ಕಡೆಯಿಂದ ಅಭಿಮಾನದ ಮಾತುಗಳು ಸಾಕಷ್ಟು ಬಂದವು, ಕಿವಿಯ ವಿಷಯ ಮಾತ್ರ ಹೆಚ್ಚು ಜನ ಎತ್ತಲಿಲ್ಲ. ಕನ್ನಡ ತಮಿಳಿನಿಂದ ಹುಟ್ಟಿದ್ದರೆ ‘ಚೆವಿ’ ಮತ್ತೆ ಹಿಂದಕ್ಕೆ ಹೋಗಿ ‘ಕಿವಿ’ ಆಗಬೇಕಿತ್ತು. ತಮಿಳು ಕನ್ನಡದಿಂದ ಹುಟ್ಟಿದ್ದರೂ ಕಷ್ಟವೇ. ತಮಿಳು ಇಂದಿಗೂ ಉಳಿಸಿಕೊಂಡಿರುವ ‘ೞ’ ಎಂಬ ವಿಶಿಷ್ಟ ಧ್ವನಿ ಕನ್ನಡದಲ್ಲಿ ಹಳಗನ್ನಡದ ಹೊತ್ತಿಗೇ ಕರಗತೊಡಗಿತ್ತು. ಮೂರೂ ಭಾಷೆಗಳು ಒಂದೇ ಹಳೆಯ ಮನೆಯಿಂದ ಬೇರೆಬೇರೆ ಸಾಮಾನು ಹೊತ್ತು ಹೊರಬಂದವು. ಆ ಹಳೆಯ ಮನೆಗೆ ಭಾಷಾಶಾಸ್ತ್ರಜ್ಞರು ಇಟ್ಟ ಹೆಸರು ಮೂಲದ್ರಾವಿಡ. ಅದರಲ್ಲಿ ಬರೆದ ಒಂದು ಸಾಲೂ ನಮಗೆ ಸಿಕ್ಕಿಲ್ಲ; ಇಂಥ ಪಟ್ಟಿಗಳನ್ನು ಜೋಡಿಸಿಯೇ ಅದರ ರೂಪವನ್ನು ಊಹಿಸಿದ್ದಾರೆ.

ಈ ಜೋಡಿಸುವ ಕೆಲಸ 200 ವರ್ಷಕ್ಕೂ ಹಳೆಯದು. 1816ರಲ್ಲಿ ಮದರಾಸಿನ ಕಲೆಕ್ಟರ್ ಫ್ರಾನ್ಸಿಸ್ ವೈಟ್ ಎಲ್ಲಿಸ್, ಕ್ಯಾಂಪ್‌ಬೆಲ್ ಅವರ ತೆಲುಗು ವ್ಯಾಕರಣಕ್ಕೆ ಬರೆದ ಟಿಪ್ಪಣಿಯಲ್ಲಿ ತೆಲುಗು, ಕನ್ನಡ, ತಮಿಳು ಧಾತುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಆಗಿನ ಕಾಲದ ‘ಫಾರ್ವರ್ಡ್’ ಎಂದರೆ ದಕ್ಷಿಣದ ಭಾಷೆಗಳೆಲ್ಲ ಸಂಸ್ಕೃತದಿಂದ ಹುಟ್ಟಿದವು ಎಂಬ ನಂಬಿಕೆ. ಎಲ್ಲಿಸ್ ಅದನ್ನು ಪದಪಟ್ಟಿಯಿಂದಲೇ ಅಲ್ಲಗಳೆದರು. 1856ರಲ್ಲಿ ಕಾಲ್ಡ್‌ವೆಲ್ ಅವರ ತೌಲನಿಕ ವ್ಯಾಕರಣ ಬಂತು. 1961ರಲ್ಲಿ ಬರೋ ಮತ್ತು ಎಮೆನೋ ಎಂಬ ಇಬ್ಬರು ವಿದ್ವಾಂಸರು ದ್ರಾವಿಡ ಭಾಷೆಗಳ ಜ್ಞಾತಿಪದಗಳ ನಿಘಂಟನ್ನೇ ಹೊರತಂದರು.

ಇವೆಲ್ಲದರಿಂದ ಹೊರಬಿದ್ದ ಒಂದು ಸಂಗತಿ ಹಲವರಿಗೆ ಅಚ್ಚರಿಯೆನಿಸುತ್ತದೆ. ವಂಶವೃಕ್ಷದಲ್ಲಿ ಕನ್ನಡದ ಹತ್ತಿರದ ನೆಂಟರು ತಮಿಳು, ಮಲಯಾಳಂ, ಕೊಡವ, ತುಳು. ತೆಲುಗು ಇರುವುದು ಇನ್ನೊಂದು ಕೊಂಬೆಯಲ್ಲಿ, ಗೋಂಡಿ, ಕುಯಿ ಭಾಷೆಗಳ ಜೊತೆ. ಕನ್ನಡ ಮತ್ತು ತೆಲುಗು ಸ್ವಂತ ಅಕ್ಕತಂಗಿಯರಲ್ಲ, ದೊಡ್ಡಪ್ಪ–ಚಿಕ್ಕಪ್ಪನ ಮಕ್ಕಳು ಎನ್ನಬಹುದು. ‘ಎರಡು’ ತೆಲುಗಿನಲ್ಲಿ ‘ರೆಂಡು’ ಆಗಿರುವುದು, ‘ಎಳೆ’ (ಎಳೆಯ) ‘ಲೇತ’ ಆಗಿರುವುದು, ‘ಒಳಗೆ’ ಎನ್ನುವಲ್ಲಿ ‘ಲೋ’ ಎನ್ನುವುದು ಆ ಇನ್ನೊಂದು ಕೊಂಬೆಯ ಗುರುತು. ಅಲ್ಲಿ ಪದದ ಮೊದಲ ಸ್ವರ ಜಾರಿ ವ್ಯಂಜನ ಮುಂದೆ ಬಂದಿದೆ.

ಹಾಗಾದರೆ ಲಿಪಿ? ಕದಂಬ, ಚಾಲುಕ್ಯರ ಕಾಲದಿಂದ ಶತಮಾನಗಳ ಕಾಲ ಎರಡೂ ಭಾಷೆಗಳನ್ನು ಒಂದೇ ಲಿಪಿಯಲ್ಲಿ ಬರೆಯುತ್ತಿದ್ದರು, ನಿಜ. 5ನೇ ಶತಮಾನದ ಹಲ್ಮಿಡಿ ಶಾಸನದ ಕನ್ನಡವಾಗಲಿ, ಕ್ರಿ.ಶ. 575ರ ಸುಮಾರಿನ ಎರ್ರಗುಡಿಪಾಡು ಶಾಸನದ ತೆಲುಗಾಗಲಿ ಒಂದೇ ಲಿಪಿ ಪರಂಪರೆಯವು. ಲಿಪಿ ಬಟ್ಟೆಯಿದ್ದಂತೆ, ಅಣ್ಣನ ಅಂಗಿಯನ್ನು ಪಕ್ಕದ ಮನೆಯ ಹುಡುಗನೂ ಹಾಕಿಕೊಳ್ಳಬಹುದು. ಮರಾಠಿ, ನೇಪಾಳಿ, ಹಿಂದಿ ಮೂರಕ್ಕೂ ದೇವನಾಗರಿ ಇದೆ, ಅವನ್ನು ಯಾರೂ ಒಂದೇ ಭಾಷೆ ಎನ್ನುವುದಿಲ್ಲ. ಅಂದಹಾಗೆ ಕೇಂದ್ರ ಸರ್ಕಾರ ಶಾಸ್ತ್ರೀಯ ಸ್ಥಾನ ಕೊಟ್ಟದ್ದು ಎರಡಕ್ಕೂ 2008ರಲ್ಲಿ, ಒಟ್ಟಿಗೇ.

ಕೆಲವು ಫಾರ್ವರ್ಡ್‌ಗಳಲ್ಲಿ ‘ಶೇಕಡಾ ಇಷ್ಟು ಪದ ಒಂದೇ’ ಎಂಬ ಅಂಕಿಯೂ ಇರುತ್ತದೆ. ಸ್ಪ್ಯಾನಿಷ್–ಇಟಾಲಿಯನ್ ಬಗ್ಗೆ ಎಥ್ನೊಲಾಗ್ ಕೊಡುವ 82% ಎಂಬ ಅಂಕಿ ಬಹಳ ಪ್ರಸಿದ್ಧ. ಅದು ನಿಗದಿತ ಪದಪಟ್ಟಿಯಲ್ಲಿ ರೂಪ, ಅರ್ಥ ಎರಡೂ ಹೊಂದುವ ಪದಗಳನ್ನು ಎಣಿಸಿದ್ದು. ಕನ್ನಡ–ತೆಲುಗು ಎಣಿಸುವಾಗ ಪಟ್ಟಿಗೆ ದಿನಪತ್ರಿಕೆಯ ಪದಗಳನ್ನು ತೆಗೆದುಕೊಂಡರೆ ಸಂಸ್ಕೃತದಿಂದಾಗಿ ಹೋಲಿಕೆ ಏರುತ್ತದೆ. ಅಡುಗೆಮನೆಯ ಪದ ತೆಗೆದುಕೊಂಡರೆ ಅಕ್ಕಿ–ಬಿಯ್ಯಂ, ಎಳ್ಳು–ನುವ್ವುಲು, ಹುಣಿಸೆ–ಚಿಂತಪಂಡು ಎಂದು ಇಳಿಯುತ್ತದೆ. ಪಟ್ಟಿ ಯಾವುದೆಂದು ಹೇಳದ ಶೇಕಡಾವಾರನ್ನು ನಂಬಬೇಡಿ.

ಮೋಸದ ಪದಗಳು

ಈಗ ನಿಜವಾದ ತೊಂದರೆಯ ಜಾಗಕ್ಕೆ ಬರೋಣ. ಹಾಲು–ಪಾಲು ಬೇರೆ ಕಂಡರೂ ಅರ್ಥ ಒಂದೇ, ಅಲ್ಲಿ ಯಾರಿಗೂ ನಷ್ಟವಿಲ್ಲ. ಅಪಾಯ ಇರುವುದು ತದ್ರೂಪು ಕಾಣುವ ಪದಗಳಲ್ಲಿ.

‘ಆಗು’ ತೆಗೆದುಕೊಳ್ಳಿ. ಕನ್ನಡದಲ್ಲಿ ಸಂಭವಿಸು, ಪರಿಣಮಿಸು ಎಂದರ್ಥ. ತೆಲುಗಿನಲ್ಲಿ ‘ಆಗು’ ಎಂದರೆ ನಿಲ್ಲು! ಲಾರಿ ರಿವರ್ಸ್ ತೆಗೆಯುವಾಗ ಹಿಂದೆ ನಿಂತವರು “ಆಗು, ಆಗು” ಎಂದು ಕೂಗಿದರೆ ಅದು ಬ್ರೇಕ್ ಹಾಕು ಎಂಬ ಸೂಚನೆ. ಕನ್ನಡದವರು ಒಪ್ಪಿಗೆಗೆ “ಆಗಲಿ” ಎನ್ನುತ್ತೇವೆ, ತೆಲುಗಿನ “ಆಗಾಲಿ” ಎಂದರೆ ನಿಲ್ಲಬೇಕು. ಗೋಡೌನು, ಕಾರ್ಖಾನೆಗಳಲ್ಲಿ ಕೆಲಸ ಮಾಡುವವರು ಬೇರೆ ಯಾವ ಪದ ಮರೆತರೂ ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

‘ಕೊಡು’ ಇನ್ನೂ ಮಜಾ. ನಮಗೆ ‘ಕೊಡ್ತಾನೆ’ ಎಂದರೆ ನೀಡುತ್ತಾನೆ. ತೆಲುಗಿನ ‘ಕೊಡತಾನು’ ಎಂದರೆ ಹೊಡೆಯುತ್ತೇನೆ. ಅದರ ಮೂಲ ‘ಕೊಟ್ಟು’ (ಹೊಡೆ). ಭತ್ತ ಕುಟ್ಟುವುದಕ್ಕೆ ನಮ್ಮಲ್ಲಿರುವ ‘ಕೊಟ್ಟಣ’ ಎಂಬ ಪದ ಅದರ ನೆಂಟ. ತೆಲುಗಿನಲ್ಲಿ ನೀಡುವುದಕ್ಕೆ ‘ಇವ್ವು’. ಹಳಗನ್ನಡದಲ್ಲಿ ನಮಗೂ ‘ಈ’ ಎಂಬ ಕ್ರಿಯಾಪದ ಇತ್ತು, ಅದನ್ನು ಈಗ ಮಾತಿನಲ್ಲಿ ಯಾರೂ ಬಳಸುವುದಿಲ್ಲ.

‘ಉಂಡು’ ಎಂದರೆ ನಮಗೆ ಊಟ ಮಾಡಿ. ತೆಲುಗಿನ ‘ಉಂಡು’ ಎಂದರೆ ಇರು, ಕಾಯಿ. ನಮ್ಮ ‘ಮಗ’ ಪುತ್ರ, ಅವರ ‘ಮಗ’ ಗಂಡಸು ಎಂಬರ್ಥದ್ದು. ನಮ್ಮ ಹಳ್ಳಿಗಳ ‘ಅವ್ವ’ ತಾಯಿ, ರಾಯಲಸೀಮೆ ಕಡೆಯ ‘ಅವ್ವ’ ಅಜ್ಜಿ. ‘ಇಲ್ಲು’ ಎಂದರೆ ಅವರಲ್ಲಿ ಮನೆ. “ಇಲ್ಲ” ಎಂಬ ನಿರಾಕರಣೆ ಹೊಸದಾಗಿ ಬಂದ ತೆಲುಗರ ಕಿವಿಗೆ ಮನೆಯಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ಮನೆ ಬಾಡಿಗೆಗೆ ಹುಡುಕುವವರಿಗಂತೂ ಇದು ಬಹಳ ಕ್ರೂರ!

ಇವೆಲ್ಲ ಮಾತಿನಲ್ಲಿ ಹೇಗೋ ಸರಿಹೋಗುತ್ತವೆ. ಎದುರಿಗಿದ್ದವರ ಮುಖ ನೋಡಿ ತಿದ್ದಿಕೊಳ್ಳುತ್ತೇವೆ. ಹೆಚ್ಚು ಮೋಸ ಮಾಡುವುದು ಸಂಸ್ಕೃತದಿಂದ ಬಂದ ಪದಗಳು, ಏಕೆಂದರೆ ‘ಇದು ನಮಗೆ ಗೊತ್ತಿರುವ ಪದ’ ಎಂದು ನಾವು ಅನುಮಾನವನ್ನೇ ಪಡುವುದಿಲ್ಲ. ಕನ್ನಡದ ‘ಆಲಸ್ಯ’ ಸೋಮಾರಿತನ. ತೆಲುಗಿನ ‘ಆಲಸ್ಯಂ’ ತಡ. ತೆಲುಗು ಸಹೋದ್ಯೋಗಿ “ಆಲಸ್ಯಂ ಅಯಿಂದಿ” ಎಂದರೆ ಅವರು ಲೇಟಾಯಿತು ಎನ್ನುತ್ತಿದ್ದಾರೆ, ತಾನು ಸೋಮಾರಿ ಎಂದು ಒಪ್ಪಿಕೊಳ್ಳುತ್ತಿಲ್ಲ. ಕನ್ನಡದ ‘ಪರಿಶ್ರಮ’ ಕಷ್ಟಪಟ್ಟು ಮಾಡುವ ದುಡಿಮೆ. ತೆಲುಗಿನ ‘ಪರಿಶ್ರಮ’ ಕೈಗಾರಿಕೆ. ಕನ್ನಡದ ‘ಪ್ರಮಾದ’ ತಪ್ಪು, ಅಚಾತುರ್ಯ. ತೆಲುಗಿನ ‘ಪ್ರಮಾದಂ’ ಅಪಾಯ ಅಥವಾ ಅಪಘಾತ. ಗೋಡೆಯ ಮೇಲೆ ತೆಲುಗಿನಲ್ಲಿ ‘ಪ್ರಮಾದಂ’ ಎಂದು ಬರೆದಿದ್ದರೆ ಅದು ದೂರ ಸರಿಯಿರಿ ಎಂಬ ಎಚ್ಚರಿಕೆ.

ಲಿಪಿಗಳು ಹತ್ತಿರವಿರುವುದರಿಂದ ತೆಲುಗು ಸಂದೇಶವನ್ನು ಅಕ್ಷರ ಮಾತ್ರ ಬದಲಿಸಿ ‘ಕನ್ನಡ’ ಮಾಡಿ ಹಂಚುವುದು ಸುಲಭ. ಓದಲು ಬರುತ್ತದೆ, ಮುಕ್ಕಾಲು ಭಾಗ ಅರ್ಥವೂ ಆಗುತ್ತದೆ. ಆರೋಗ್ಯದ ವಿಷಯದಲ್ಲಿ ಉಳಿದ ಕಾಲು ಭಾಗವೇ ಮುಖ್ಯ. ಉದಾಹರಣೆಗೆ ತೆಲುಗಿನಲ್ಲಿ ‘ಕನ್ನು’ ಎಂದರೆ ಕಣ್ಣು, ಬಹುವಚನ ‘ಕಳ್ಳು’. ‘ಕಾಲು’ ಎಂದರೆ ಕಾಲೇ, ಬಹುವಚನ ‘ಕಾಳ್ಳು’. ಸೇಂದಿಗೆ ‘ಕಲ್ಲು’. ನಮ್ಮ ಕಲ್ಲಿಗೆ ಅವರಲ್ಲಿ ‘ರಾಯಿ’. ಹಾಗಾಗಿ ‘ಕಳ್ಳು ನೊಪ್ಪಿ’ ಎಂದರೆ ಕಣ್ಣುನೋವು, ಒಂದು ದೀರ್ಘ ಸೇರಿ ‘ಕಾಳ್ಳು ನೊಪ್ಪಿ’ ಎಂದರೆ ಕಾಲುನೋವು. ಕನ್ನಡದ ಕಿವಿಗೆ ಮೊದಲನೆಯದು ಕಿಡ್ನಿಯ ಕಲ್ಲಿನ ನೋವೆಂದು ಕೇಳಿಸಬಹುದು. ಅಪಾರ್ಟ್‌ಮೆಂಟಿಗೆ ಮಗನ ಮನೆಗೆಂದು ಬಂದ, ತೆಲುಗು ಮಾತ್ರ ಬಲ್ಲ ಹಿರಿಯರು ಪಕ್ಕದ ಮನೆಯವರ ಹತ್ತಿರ ನೋವು ಹೇಳಿಕೊಂಡರೆ ಪದ ಹಿಡಿದು ಊಹಿಸಬೇಡಿ, ಎಲ್ಲಿ ಎಂದು ಕೈಯಿಂದ ಮುಟ್ಟಿ ತೋರಿಸಲು ಹೇಳಿ.

ಔಷಧಿಗೆ ತೆಲುಗಿನಲ್ಲಿ ‘ಮಂದು’, ನಮ್ಮ ‘ಮದ್ದು’. ಆಡುಮಾತಿನಲ್ಲಿ ಅವರು ಹೆಂಡಕ್ಕೂ ‘ಮಂದು’ ಎನ್ನುತ್ತಾರೆ. ಈಗ ಆ ಕ್ಯಾಬಿನ ‘ಅವಸರ’ವನ್ನು ಇಲ್ಲಿಗೆ ತನ್ನಿ. “ಈ ಮಂದು ಅವಸರಂ ಲೇದು” ಎಂದು ತೆಲುಗು ಡಾಕ್ಟರ್ ಒಬ್ಬರು ವಾಯ್ಸ್ ಮೆಸೇಜ್ ಕಳಿಸಿದ್ದಾರೆ ಎಂದಿಟ್ಟುಕೊಳ್ಳಿ. ಕನ್ನಡದವರು ಅದನ್ನು ‘ಈ ಔಷಧಿಗೆ ಅವಸರವಿಲ್ಲ, ನಿಧಾನಕ್ಕೆ ಶುರು ಮಾಡಿದರಾಯಿತು’ ಎಂದು ತಿಳಿಯಬಹುದು. ಅವರು ಹೇಳಿದ್ದು ‘ಈ ಔಷಧಿ ಬೇಕಾಗಿಲ್ಲ’ ಎಂದು. ಇಂಥ ಸಂದೇಶ ಬಂದರೆ ಗ್ರೂಪಿನಲ್ಲಿರುವ ತೆಲುಗು ಬಲ್ಲ ನೆರೆಯವರಿಂದ ಒಮ್ಮೆ ಅರ್ಥ ಕೇಳಿಕೊಳ್ಳಿ, ಆಮೇಲೆ ಡಾಕ್ಟರಿಗೇ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ.